ನಡುಬಿಸಿಲಿನ ಚಾಪೆಗಳು

ಕುಮುದಿನಿ ಅಕ್ಕೋರು ಮೊದಲ ಸಲ ನಮ್ಮ ಊರಿಗೆ ಬಂದಾಗ ಚೀಲ ಇಳಿಸಿದ್ದು ಚಂಪವ್ವನ ಕಟ್ಟೆಯ ಮೇಲೆ. ಎರಡು ಮಾರು ಈಚೆ ಇಳಿಸಿದ್ದರೆ ಅದು ನನ್ನ ಕಟ್ಟೆ. ಇಪ್ಪತ್ತೆರಡು ವರ್ಷವಾಯಿತು, ಅಂಗಳ ಗುಡಿಸುವಾಗ ಆ ಎರಡು ಮಾರು ನೆಲ ಬಂದರೆ ನನ್ನ ಕೈ ಈಗಲೂ ಜೋರಾಗುತ್ತದೆ.

ಚಂಪವ್ವ ಅಂದರೆ ನನ್ನ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವಳು ನಕ್ಕರೆ ಈ ಕಡೆ ನನ್ನ ಗೂಟಕ್ಕೆ ತೂಗುಹಾಕಿದ ಜರಡಿ ಅಲುಗುತ್ತಿತ್ತು. ಅವಳು ನಗುವುದೂ ಹೆಚ್ಚು, ಮಾತೂ ಹೆಚ್ಚು. ನಾನು ಚಾಪೆ ಹೆಣೆಯುವವಳು. ಆಪು ಹುಲ್ಲು ನೆನೆಹಾಕಿ, ಸೀಳಿ, ಎಳೆ ಎಣಿಸಿ ಕೂತರೆ ಸಂಜೆಯವರೆಗೆ ಬಾಯಿಗೆ ಕೆಲಸವಿಲ್ಲ.

ಅಕ್ಕೋರು ಬಂದ ದಿನ ಬಿಸಿಲು ನಮ್ಮ ಓಣಿಯದು. ನಮ್ಮ ಊರಿಗೆ ಆರು ಓಣಿ, ಬಿಸಿಲು ದಿನಕ್ಕೊಂದು ಓಣಿಗೆ ಇಳಿಯುತ್ತದೆ. ಇವತ್ತು ಮೊದಲನೆಯದಕ್ಕೆ ಬಂದರೆ ನಾಳೆ ಎರಡನೆಯದಕ್ಕೆ, ಹೀಗೆ ಆರನೇ ದಿನ ನಮ್ಮ ಪಾಳಿ. ಉಳಿದ ಐದು ಓಣಿಗಳಲ್ಲಿ ಅವತ್ತು ಕಂಬಳಿಯೊಳಗಿನಿಂದ ನೋಡಿದಂಥ ಬೆಳಕು. ಹಬ್ಬವೆಂದು ಅದು ಒಂದು ಓಣಿಯಲ್ಲಿ ಇನ್ನೊಂದು ದಿನ ನಿಂತದ್ದಿಲ್ಲ, ಸಾವೆಂದು ಒಂದು ಓಣಿಯನ್ನು ಬಿಟ್ಟು ಹೋದದ್ದೂ ಇಲ್ಲ. ಹೆಣ್ಣು ನೋಡುವವರು ಹುಡುಗಿಯ ಓಣಿಗೆ ಬಿಸಿಲಿಲ್ಲದ ದಿನ ಬಂದರೆ ಮನೆಯವರಿಗೆ ಖುಷಿ, ಬಂದವರಿಗೆ ಅನುಮಾನ. ಬೆಕ್ಕುಗಳಿಗೆ ಮಾತ್ರ ಯಾರೂ ಹೇಳಬೇಕಾಗಿಲ್ಲ. ಅವು ನಸುಕಿಗೇ ಮುಂದಿನ ಓಣಿಗೆ ಹೋಗಿ ನಡುದಾರಿಯಲ್ಲಿ ಕೂತಿರುತ್ತವೆ.

ಯಾವ ಓಣಿಯ ಬಿಸಿಲಾದರೂ ಊರಿಗೆಲ್ಲ ಸೇರಿದ್ದು ಅಂತ ಪದ್ಧತಿ. ಎಲ್ಲರೂ ಚಾಪೆ ತಂದು ಹಾಸಬಹುದು. ಹಪ್ಪಳ, ಮೆಣಸಿನಕಾಯಿ, ಕೌದಿ, ಬಾಣಂತಿ, ಮಂಡಿನೋವಿನ ಮುದುಕರು, ಎಲ್ಲ ಚಾಪೆಯ ಮೇಲೆ. ಓಣಿಯ ನಡುವಿನಲ್ಲಿ ನಲವತ್ತು ಚಾಪೆಗೆ ಜಾಗ. ಅಲ್ಲಿ ಮುಂಜಾನೆಯಿಂದ ಇಳಿಹೊತ್ತಿನವರೆಗೆ ಬಿಸಿಲು, ಅದಕ್ಕೆ ನಡುಬಿಸಿಲು ಅನ್ನುತ್ತೇವೆ. ಸೂರಿನ ಕೆಳಗಿನ ಅಂಚಿನಲ್ಲಿ ಒಂದು ತಾಸು ಬಂದು ಹೋಗುವುದು ಅಂಚುಬಿಸಿಲು. ಮೊದಲನೇ ಓಣಿಯವರು ಮೊದಲು ಹಾಸಬೇಕು, ಆಮೇಲೆ ಎರಡನೆಯವರು, ಆಮೇಲೆ ಮೂರನೆಯವರು. ಕೊನೆಗೆ ನಾವು. ಬಿಸಿಲು ನಮ್ಮ ಓಣಿಗೇ ಬಂದ ದಿನವೂ ಹೀಗೇ. ನಮ್ಮ ಬಾಗಿಲ ಮುಂದೆ ಮೊದಲನೇ ಓಣಿಯವರ ಹಪ್ಪಳ ಒಣಗುತ್ತಿದ್ದರೆ ನಾವು ದಾಟುವಾಗ ಸೀರೆ ಎತ್ತಿ ಹಿಡಿದುಕೊಂಡು ದಾಟಬೇಕು. ಅವು ನಾನೇ ಹೆಣೆದುಕೊಟ್ಟ ಚಾಪೆಗಳು, ಆ ಮಾತು ಬೇರೆ.

ಅಕ್ಕೋರಿಗೆ ಆಗ ಇಪ್ಪತ್ತಾರು ವರ್ಷ. ಯಾವುದೋ ದೊಡ್ಡ ಊರಿನ ವಿಶ್ವವಿದ್ಯಾಲಯದಿಂದ ಬಂದಿದ್ದರು. ಕೈಯಲ್ಲಿ ಅಳತೆಪಟ್ಟಿ, ಸೀಮೆಸುಣ್ಣ, ಬಗಲಲ್ಲಿ ದಪ್ಪ ವಹಿ. ಓಣಿಯ ಮಧ್ಯೆ ಮೊಣಕಾಲೂರಿ ಚಾಪೆಗಳ ಸುತ್ತ ಗೆರೆ ಎಳೆಯತೊಡಗಿದರು.

"ಏನ ತಾಯಿ, ಓಣಿಗೆ ಅಂಗಿ ಹೊಲಿಸ್ತೀರೇನು?" ಅಂದಳು ಚಂಪವ್ವ.

ಅಕ್ಕೋರು ನಕ್ಕರು. "ಇಲ್ಲಮ್ಮ, ಯಾರಿಗೆ ಎಷ್ಟು ಬಿಸಿಲು ಸಿಗ್ತದೆ ಅಂತ ನೋಡ್ತಿದ್ದೇನೆ. ಎಲ್ಲರಿಗೂ ಸಮ ಸಿಗಬೇಕಲ್ಲ."

"ನೋಡೂದಕ್ಕ ಗೆರಿ ಯಾಕ ಬೇಕ್ರೀ? ನನ್ನ ಉಪ್ಪಿನಕಾಯಿಗೆ ಬೂಜು ಬಂದೈತಿ, ಅದನ್ನ ನೋಡ್ರಿ ಸಾಕು."

ಅಷ್ಟೇ. ಆ ಒಂದು ಮಾತಿಗೆ ಅಕ್ಕೋರು ವಹಿ ತೆರೆದು ಅವಳ ಕಟ್ಟೆಯ ಮೇಲೆ ಕೂತುಬಿಟ್ಟರು. ಚಂಪವ್ವನ ಬೂಜಿನ ಕಥೆ, ಅವಳ ಅತ್ತೆಯ ಕೆಮ್ಮಿನ ಕಥೆ (ನನಗೂ ಅವರೇ ಅತ್ತೆ, ಕೆಮ್ಮುವಾಗ ಬೆನ್ನು ನೀವಿದವಳು ನಾನು), ಮದುವೆಯ ದಿನ ಕೂದಲೊಣಗದೆ ಹಸೆಗೆ ಕೂತ ಕಥೆ. ಅಕ್ಕೋರು ಬರೆಯುತ್ತ "ಆಮೇಲೆ?" ಅನ್ನುವುದು, ಇವಳು ಮುಂದಿನದನ್ನು ಅಲ್ಲೇ ಹುಟ್ಟಿಸುವುದು. ಗೋಡೆಯ ಈಚೆ ನಾನು ಎಳೆ ತಪ್ಪಿ ಎರಡು ಸಲ ಬಿಚ್ಚಿ ಹೆಣೆದೆ.

ನನ್ನ ಹತ್ತಿರ ಅವರು ಬಂದದ್ದು ಮೂರನೇ ದಿನ. ಚಾಪೆಗಳು ಒಂದೇ ಥರ ಕಾಣುತ್ತವೆ, ಯಾವುದು ಯಾರದು ತಿಳಿಯುವುದಿಲ್ಲ ಅಂದರು. ನಾನು ನೂರು ಹೆಜ್ಜೆ ದೂರದಿಂದ ಅಂಚಿನ ಮಡಿಕೆ ನೋಡಿ ಹೇಳಬಲ್ಲೆ. ಹೇಳಿದೆ. ಅವರ ಕಣ್ಣು ಅಗಲವಾದವು. "ರಾಚವ್ವ, ನಾನು ಹೋದ ಮೇಲೂ ನಿಮ್ಮ ಓಣಿಯ ಪಾಳಿ ಬಂದಾಗಲೆಲ್ಲ ನಡುವಿನಲ್ಲಿ ನಿಮ್ಮ ಓಣಿಯ ಚಾಪೆ ಎಷ್ಟು ಇರ್ತಾವೆ ಅಂತ ಎಣಿಸಿ ಇಡ್ತೀರಾ?" ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಆಪಿನ ಹುರಿಯಲ್ಲಿ ಚಾಪೆಗೊಂದು ಗಂಟು ಹಾಕುತ್ತೇನೆ ಅಂದೆ. ಪಾಳಿಗೊಂದು ಹುರಿ, ವರ್ಷಕ್ಕೆ ಅರವತ್ತು.

ಇಪ್ಪತ್ತು ವರ್ಷ ಎಣಿಸಿದೆ. ಜ್ವರ ಬಂದಾಗ ಬಾಗಿಲಿಗೆ ಒರಗಿ ಎಣಿಸಿದೆ. ನನ್ನ ಗಂಡ ತೀರಿದ ವಾರವೂ ಎಣಿಸಿದೆ, ಅವತ್ತು ನಲವತ್ತರಲ್ಲಿ ನಮ್ಮವು ಮೂರು. ಸಾಮಾನ್ಯವಾಗಿ ಮೂರು, ನಾಲ್ಕು. ಮೇಲಿನ ಓಣಿಯವರು ಯಾರದೋ ಮದುವೆಗೆ ದಿಬ್ಬಣ ಹೋದರೆ ಏಳು.

ಅಕ್ಕೋರು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿದ್ದರು. ಒಂದು ಸಲ ಬಂದಾಗ ಡಾಕ್ಟರ್ ಆಗಿದ್ದರು, ಔಷಧ ಕೊಡುವ ಡಾಕ್ಟರ್ ಅಲ್ಲ ಅಂತ ಚಂಪವ್ವನಿಗೆ ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು. ಮುಂದಿನ ಸಲ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಹಿಂದೆ ನಾಲ್ಕು ಜನ ಶಿಷ್ಯರು. ಅದರ ಮುಂದಿನ ಸಲ ವಿಮಾನದಲ್ಲಿ ಹೋಗಿ ನಮ್ಮ ಓಣಿಯ ವಿಷಯ ಮಾತಾಡಿ ಬಂದಿದ್ದರು. ಪ್ರತಿ ಸಲವೂ ಉಳಿಯುವುದು ಚಂಪವ್ವನ ಮನೆಯಲ್ಲಿ. ಚಪ್ಪಲಿ ಅವಳ ಹೊಸ್ತಿಲ ಮುಂದೆ. ಬಿಸಿ ರೊಟ್ಟಿ ತಟ್ಟುವ ಸದ್ದು, "ಆಮೇಲೆ?", ನಗು, ನನ್ನ ಜರಡಿ ಅಲುಗಾಟ. ಹೊರಡುವ ದಿನ ನನ್ನ ಬಾಗಿಲಿಗೆ ಬಂದು ಹುರಿಗಳ ಕಟ್ಟು ಇಸಿದುಕೊಳ್ಳುತ್ತ ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು?" ನಾನು ಹೇಳುತ್ತಿದ್ದೆ. "ಬಹಳ ಉಪಕಾರ ರಾಚವ್ವ" ಅಂದು ನಡೆಯುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನ ಮನೆಯ ಒಳಗೋಡೆಗೆ ಯಾವ ಬಣ್ಣವಿದೆ ಅಂತ ನೋಡಿದವರಲ್ಲ.

ಅಕ್ಕೋರು ಬರೆದ ಪುಸ್ತಕ ಬಂತು. ಮೇಲುಹೊದಿಕೆಯ ಮೇಲೆ ಚಂಪವ್ವನ ಚಿತ್ರ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ. ಕೂತದ್ದು ನಾನು ಹೆಣೆದ ಚಾಪೆಯ ಮೇಲೆ. ಅವಳು ಆ ಪುಸ್ತಕವನ್ನು ಅರಿಶಿಣ ಕುಂಕುಮ ಹಚ್ಚಿ ಗೂಡಿನಲ್ಲಿಟ್ಟು, ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು. ಅದರಲ್ಲಿ ನನ್ನ ಹೆಸರು ಎಲ್ಲಿದೆ ಅಂತ ಯಾರನ್ನಾದರೂ ಕೇಳಲು ನಾಚಿಕೆ. ಐವತ್ತನಾಲ್ಕು ದಾಟಿದ ಮೇಲೆ ಸಂಜೆಶಾಲೆಗೆ ಸೇರಿ ಅಕ್ಷರ ಕಲಿತೆ. ಜ್ಞಾನದ ಆಸೆಗೆ ಕಲಿತೆ ಅಂತ ಅಲ್ಲಿಯ ಮಾಸ್ತರರು ಮೆಚ್ಚಿಕೊಂಡರು. ಒಂದೂವರೆ ವರ್ಷಕ್ಕೆ ಕೂಡಿಸಿ ಓದಲು ಬಂತು. ಚಂಪವ್ವ ನೀರಿಗೆ ಹೋದಾಗ ಒಳಹೊಕ್ಕು, ಗೂಡಿನಿಂದ ಪುಸ್ತಕ ತೆಗೆದು, ದಿನಕ್ಕೆರಡು ಹಾಳೆಯಂತೆ ಪೂರ್ತಿ ಓದಿದೆ. ಚಂಪವ್ವನ ಹೆಸರು ಎಪ್ಪತ್ತೊಂದು ಸಲ ಇತ್ತು. ಕೊನೆಯ ಕಡೆ ಸಣ್ಣ ಅಕ್ಷರದಲ್ಲಿ, "ಎಣಿಕೆಗೆ ಸ್ಥಳೀಯರೊಬ್ಬರು ನೆರವಾದರು" ಎಂದಿತ್ತು. ಸ್ಥಳೀಯರೊಬ್ಬರು. ಅದು ನಾನು.

ಅದೇ ವರ್ಷ ಅಕ್ಕೋರು ಊರಸಭೆಗೆ ಒಂದು ಬೇಡಿಕೆ ಇಟ್ಟರು. ಯಾರ ಓಣಿಗೆ ಬಿಸಿಲು ಬರುತ್ತದೋ ಅವತ್ತು ಆ ಓಣಿಯವರೇ ಮೊದಲು ಹಾಸಲಿ. ಇಷ್ಟೇ. ಇಷ್ಟು ಸಣ್ಣ ಮಾತು ನಮ್ಮ ಅಜ್ಜ ಮುತ್ತಜ್ಜರಿಗೂ ಹೊಳೆದಿರಲಿಲ್ಲ. ಸಭೆಯ ಹಿರಿಯ ವಿರೂಪಣ್ಣ, ಮೊದಲನೇ ಓಣಿಯವರು, "ಇನ್ನೊಂದು ವರ್ಷದ ಎಣಿಕಿ ತರ್ರಿ, ನೋಡಿ ಹೇಳೋಣು" ಅಂದರು. ಬೇಡಿಕೆ ಒಪ್ಪಿದರೆ ನಮ್ಮ ಓಣಿಯ ಪಾಳಿಯ ದಿನ ಕೋಲು ಹಿಡಿದು ಚಾಪೆ ಹಾಸಿಸುವ ಯಜಮಾನಿಕೆ ಚಂಪವ್ವನಿಗೆ ಅಂತಲೂ ಮಾತಾಯಿತು. ಅವಳು ಅವತ್ತೇ ಕೋಲಿಗೆ ಎಣ್ಣೆ ಹಚ್ಚಿಟ್ಟಳು.

ಮೊದಲ ಪಾಳಿಯಲ್ಲಿ ನಾನು ಹೆಚ್ಚು ಹಾಕಿದ್ದು ಒಂದೇ ಗಂಟು. ಉಪ್ಪಿನ ಹರಳಿನಷ್ಟು ಸಣ್ಣದು. ಮೂರು ಇದ್ದವು, ನಾಲ್ಕು ಮಾಡಿದೆ. ಹಾಕಿದ ಮೇಲೆ ಹೊಟ್ಟೆಯೊಳಗೆ ತಣ್ಣಗಾಯಿತು. ಮುಂದಿನ ಪಾಳಿಗೆ ಎರಡು. ದೀಪಾವಳಿಯ ಹೊತ್ತಿಗೆ ನಲವತ್ತರಲ್ಲಿ ನಮ್ಮವು ಹದಿನೆಂಟಾಗಿದ್ದವು, ಹುರಿಯ ಮೇಲೆ. ನೆಲದ ಮೇಲೆ ಅದೇ ಮೂರು. ಆದರೆ ಇಪ್ಪತ್ತು ವರ್ಷದ ಕೈ ಸುಮ್ಮನಿರಬೇಕಲ್ಲ. ಸುಳ್ಳು ಹುರಿಯ ಜೊತೆಗೆ ಪ್ರತಿ ಪಾಳಿಗೂ ನಿಜದ ಹುರಿಯನ್ನೂ ಕಟ್ಟಿ ಜಂತಿಯ ಸಂದಿಗೆ ಸಿಕ್ಕಿಸುತ್ತಿದ್ದೆ. ಅಕ್ಕೋರ ದೊಡ್ಡ ದಿನ ಹಾಳಾಗಲಿ, ಚಂಪವ್ವನ ಕೋಲು ಒಲೆಗೆ ಬೀಳಲಿ, ಇಷ್ಟೇ ನನಗೆ ಬೇಕಾಗಿದ್ದದ್ದು. ಮುಂದಿನದು ಯೋಚಿಸಲಿಲ್ಲ.

ಅಕ್ಕೋರು ಬಂದು ಹುರಿ ಎಣಿಸಿ ಮಂಕಾದರು. ಎರಡು ಸಲ ಎಣಿಸಿದರು. "ನಿಜವಾಗಿಯೂ ಇಷ್ಟಾ ರಾಚವ್ವ?" ಅಂದರು. "ಗಂಟು ನನ್ನವಲ್ರೀ?" ಅಂದೆ. ಪುಣ್ಯಾತ್ಗಿತ್ತಿ, ಅದನ್ನು ಮುಚ್ಚಿಡದೆ ಸಭೆಯಲ್ಲಿ ಎದ್ದು ನಿಂತು ತಮ್ಮ ಬೇಡಿಕೆಗೆ ವಿರುದ್ಧವಾದ ಎಣಿಕೆಯನ್ನು ತಾವೇ ಓದಿದರು. "ನೋಡಿದ್ರ್ಯಾ?" ಅಂದರು ವಿರೂಪಣ್ಣ. "ಅವರು ಆಗಲೇ ನಡುಬಿಸಿಲಿಗೆ ಬಂದಾರ. ನಾವೆಲ್ಲಿ ಅಡ್ಡ ನಿಂತೀವಿ?" ಯಾವ ಚಾಪೆ ಯಾರದು ಅಂತ ದೂರದಿಂದ ಹೇಳಬಲ್ಲವಳು ನಾನೊಬ್ಬಳೇ, ಹಾಗಾಗಿ ನಮ್ಮ ಓಣಿಯವರಿಗೂ ಅಲ್ಲ ಅನ್ನಲಾಗಲಿಲ್ಲ. ಬೇಡಿಕೆ ಬಿದ್ದುಹೋಯಿತು. ಚಂಪವ್ವ ಮನೆಗೆ ಬಂದು ಕೋಲನ್ನು ದನದ ಕೊಟ್ಟಿಗೆಯಲ್ಲಿ ಎಸೆದ ಸದ್ದು ಗೋಡೆಯ ಈಚೆ ಕೇಳಿಸಿತು. ನಾನು ಅವತ್ತು ಪಾಯಸ ಮಾಡಿಕೊಂಡು ಉಂಡೆ.

ಆ ಪಾಯಸ ಎಂಟು ತಿಂಗಳೂ ದಕ್ಕಲಿಲ್ಲ. ಯಾರ ಒತ್ತಾಯವೂ ಇಲ್ಲದೆ ಒಂದು ಊರು ತಾನಾಗಿಯೇ ಸಮನಾದದ್ದು ಹೇಗೆ ಅಂತ ಅಕ್ಕೋರು ಹೊಸದಾಗಿ ಬರೆದರಂತೆ. ಅದಕ್ಕೆ ಮೊದಲಿನದಕ್ಕಿಂತ ದೊಡ್ಡ ಸನ್ಮಾನ, ಬೆಳ್ಳಿಯ ಫಲಕ. ದೂರದ ಊರುಗಳವರು ನಮ್ಮಿಂದ ಕಲಿಯಬೇಕಂತೆ. ಸುದ್ದಿ ತಂದು ಓಣಿಗೆಲ್ಲ ಹಂಚಿದವಳು ಚಂಪವ್ವ, ಅವಳ ಕೈಯಲ್ಲಿ ಸಕ್ಕರೆ. ನನ್ನ ಸುಳ್ಳಿನ ಏಣಿ ಹತ್ತಿ ಅವರು ಇನ್ನೂ ಒಂದು ಮಾಳಿಗೆ ಮೇಲೆ ಹೋಗಿದ್ದರು. ನನ್ನ ಬಾಯಿಗೂ ಒಂದು ಚಿಟಿಕೆ ಸಕ್ಕರೆ ಬಿತ್ತು.

ಅಷ್ಟರಲ್ಲಿ ಚಂಪವ್ವನ ಮಗನಿಗೆ ಹೆಣ್ಣುಕೂಸು ಹುಟ್ಟಿತ್ತು. ಹೊನ್ನಿ ಅಂತ ಹೆಸರು. ಹತ್ತು ತಿಂಗಳಾದರೂ ಕೂಡಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ನೆನೆದ ಆಪಿನಂತೆ ಬಾಗುತ್ತಿದ್ದವು. ವೈದ್ಯರು ಮುಟ್ಟಿ ನೋಡಿ, "ಎಲುಬು ಮೆತ್ತಗದಾವು, ಬಿಸಿಲು ಬೇಕು. ಅಂಚಿಂದು ಸಾಲೂದಿಲ್ಲ, ಮೈತುಂಬ ನಡುಬಿಸಿಲು ಬೇಕು" ಅಂದರು. ನಮ್ಮ ಪಾಳಿಯ ದಿನ ಚಂಪವ್ವ ಕೂಸನ್ನು ಎತ್ತಿಕೊಂಡು, ನಡುವಿನಲ್ಲಿ ಹಪ್ಪಳ ಹಾಸಿದವರನ್ನು ಕೇಳಿದಳು. "ಒಂದು ಚಾಪಿ ಜಾಗ ಕೊಡ್ರೆವ್ವಾ, ಕೂಸಿಗೆ." ಹಪ್ಪಳದವಳು ಕೆಟ್ಟವಳಲ್ಲ, ಆದರೆ ಅಂದಳು, "ನಲವತ್ತರಾಗ ಹದಿನೆಂಟು ನಿಮ್ಮವಂತಲ್ಲ ಚಂಪವ್ವಾ, ಪುಸ್ತಕದಾಗ ಬರದಾರ. ನಿಮ್ಮವರನ್ನ ಕೇಳು." ಚಂಪವ್ವ ಓಣಿಯ ಉದ್ದಕ್ಕೂ ಆ ಹದಿನೆಂಟು ಚಾಪೆ ಹುಡುಕುತ್ತ ನಡೆದಳು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಕೊನೆಗೆ ಅಂಚಿನಲ್ಲಿ ಕೂಸನ್ನು ಮಲಗಿಸಿದಳು. ತಾಸು ಕಳೆದು ಸೂರಿನ ನೆರಳು ಬಂದಾಗ, ಚಾಪೆ ಎಳೆಯುತ್ತ ಎಳೆಯುತ್ತ ಅದರ ಮುಂದೆ ಓಡಿದಳು, ನೆರಳು ಹಿಡಿಯುವವರೆಗೆ.

ಆ ಮಳೆಗಾಲ ಮುಗಿದ ಮೇಲೆ ಅಕ್ಕೋರು ಮತ್ತೆ ಬಂದರು, ಸಭೆಯಲ್ಲಿ ಊರಿಗೆ ಅಭಿನಂದನೆ ಹೇಳಲು. ನಾನು ಜಂತಿಯಿಂದ ನಿಜದ ಹುರಿಗಳ ಕಟ್ಟನ್ನು ಇಳಿಸಿ, ಧೂಳು ಝಾಡಿಸಿ, ಚಂಪವ್ವ ಕೂಸಿನ ಜೊತೆ ವೈದ್ಯರಲ್ಲಿಗೆ ಹೋದ ಹೊತ್ತು ನೋಡಿ ಅವಳ ಕಟ್ಟೆಗೆ ಹೋಗಿ ಅವರ ಮುಂದಿಟ್ಟೆ.

"ಇವೇನು?"

"ಹೋದ ಸಲದ ಎಣಿಕಿ. ಖರೇದು."

ಅಕ್ಕೋರು ಒಂದೊಂದೇ ಹುರಿಯನ್ನು ಬೆರಳ ಮೇಲೆ ಹರಿಸಿ ನೋಡಿದರು. ಅರವತ್ತೂ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದದ್ದು ನನಗೆ ಅವತ್ತೇ ಕಂಡದ್ದು.

"ಯಾಕೆ ರಾಚವ್ವ?"

"ಕಣ್ಣು ಮಂಜಾಗಿತ್ತು" ಅಂದೆ. ಅವರು ನಂಬಲಿಲ್ಲ, ಕೆದಕಲೂ ಇಲ್ಲ. "ಇಪ್ಪತ್ತು ವರ್ಷದ್ದು?" ಅಂತ ಮೆಲ್ಲಗೆ ಕೇಳಿದರು. ಅದು ನಿಜವೇ ಅಂದೆ. "ಇನ್ನು ಯಾರು ನಂಬ್ತಾರೆ?" ಅಂದರು, ನನಗಲ್ಲ, ತಮಗೇ. ಅವರ ಬದುಕಿಗೆ ನನ್ನ ಗಂಟುಗಳನ್ನು ಬಿಟ್ಟರೆ ಬೇರೆ ಅಡಿಪಾಯವಿರಲಿಲ್ಲ ಅಂತ ಆಗ ತಿಳಿಯಿತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಸುಖವೇ ಆಯಿತು.

ಮರುದಿನ ಮೊದಲನೇ ಓಣಿಯ ಚಾವಡಿಯಲ್ಲಿ ಸಭೆ. ಆರೂ ಓಣಿಯವರು ಕೂತಿದ್ದರು. ಅಕ್ಕೋರು ಎದ್ದು ಎರಡೂ ಕಟ್ಟು ಹುರಿಗಳನ್ನು ಮುಂದಿಟ್ಟರು. "ನಾನು ಬರೆದದ್ದು ತಪ್ಪು. ನಲವತ್ತರಲ್ಲಿ ಹದಿನೆಂಟಲ್ಲ, ಮೂರೇ ಮೂರು. ಬಂದ ಎಣಿಕೆಯನ್ನು ಸ್ವತಃ ಬಂದು ಪರೀಕ್ಷೆ ಮಾಡದೆ ಬರೆದೆ. ತಪ್ಪು ಪೂರ್ತಿ ನನ್ನದು, ಇನ್ನೊಬ್ಬರದಲ್ಲ. ಫಲಕ ಹಿಂದಕ್ಕೆ ಕಳಿಸ್ತೇನೆ. ಹೀಗಾಯ್ತು ಅಂತ ನಾನೇ ಬರೆದು ಪ್ರಕಟಿಸ್ತೇನೆ." ಧ್ವನಿ ಒಂದು ಕಡೆಯೂ ನಡುಗಲಿಲ್ಲ.

ಆಮೇಲೆ ಏನಾಯಿತು ಅಂತೀರಿ? ವಿರೂಪಣ್ಣನಂಥವರೇ ಎದ್ದು ಕೈ ಮುಗಿದರು. "ಇಂಥ ಮಾತು ಈ ಚಾವಡಿಯೊಳಗ ನಾ ಕೇಳಿಲ್ಲ ತಾಯಿ. ನಿಮ್ಮ ಮಾತಿಗೆ ನಾವು ತಲಿ ಬಾಗತೀವಿ. ಮುಂದಿನ ಪಾಳಿಯಿಂದ ಯಾರ ಓಣಿಗೆ ಬಿಸಲೋ ಅವರ ಚಾಪಿ ಮೊದಲು." ಜನ ಹೋ ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ಚಂಪವ್ವ ಕೂಸನ್ನು ಎದೆಗವಚಿಕೊಂಡು, "ನಮ್ಮ ಅಕ್ಕೋರು ದೇವರಂಥೋರು, ಎಂಥಾ ದೊಡ್ಡ ಮನಸ್ಸು ನೋಡ್ರಿ" ಅನ್ನುತ್ತಿದ್ದಳು.

ಆಗಬೇಕಾದದ್ದು ಆಗಿತ್ತು. ಕೂಸಿಗೆ ಬಿಸಿಲು ಸಿಕ್ಕಿತ್ತು. ಬುದ್ಧಿ ಇದ್ದವಳಾದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು. ಆದರೆ ನನ್ನ ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ಇಪ್ಪತ್ತು ವರ್ಷದ ನನ್ನ ಎಣಿಕೆ ಅವರ ಹೆಸರಿಗೆ ಹೋಯಿತು, ಆಗಲಿ. ನನ್ನ ಅತ್ತೆಯ ಕೆಮ್ಮು ಚಂಪವ್ವನ ಹೆಸರಿಗೆ ಹೋಯಿತು, ಆಗಲಿ. ನಾನೇ ಕೂತು, ನಾನೇ ಯೋಚಿಸಿ, ಒಂದೊಂದೇ ಗಂಟು ಹಾಕಿ ಮಾಡಿದ ತಪ್ಪು, ಇಡೀ ಜನ್ಮದಲ್ಲಿ ನನ್ನದು ಅಂತ ಇದ್ದದ್ದು ಅದೊಂದು. ಅದನ್ನೂ ಇವರು ಎತ್ತಿ ಉಡಿಗೆ ಹಾಕಿಕೊಂಡು, ಅದಕ್ಕೂ ಕೈ ಮುಗಿಸಿಕೊಂಡು ಹೋಗುವುದೇ?

ಎದ್ದೆ. "ಕೂಡ್ರಿ ಅಕ್ಕೋರ. ಅದು ನಿಮ್ಮದಲ್ಲ."

"ರಾಚವ್ವ, ಬೇಡ" ಅಂದರು ಅವರು.

"ಅದು ನಂದು. ಹದಿನೆಂಟು ಗಂಟು ಹಾಕಿದಾಕಿ ನಾನು. ಕಣ್ಣು ಚಲೋನ ಕಾಣತಿದ್ವು. ಬೇಕಂತನ ಹಾಕೀನಿ. ಅಕ್ಕೋರು ನನ್ನ ಹೆಸರ ಹೇಳಲಾರದ ದೊಡ್ಡೋರಾಗೂದು ನನಗ ಬ್ಯಾಡ."

ವಿರೂಪಣ್ಣನ ತಮ್ಮನ ಮಗ ಹಿಂದಿನಿಂದ ಕೂಗಿದ. "ಹಂಗಾದ್ರ ಇಷ್ಟು ವರ್ಷದ್ದೂ ಸುಳ್ಳ ಇರಬೇಕು! ಆರನೇ ಓಣಿಯವರ ಎಣಿಕಿ ನಂಬಿ ನಾವು ಜಾಗ ಬಿಡಬೇಕೇನು? ಕೊಟ್ಟ ಮಾತು ಹಿಂದಕ್ಕ ತಗೋರಿ ದೊಡ್ಡಪ್ಪ!" ಹೌದು ಹೌದು ಅಂತ ಮೂರನೇ ಓಣಿಯವರೂ ದನಿ ಕೂಡಿಸಿದರು. ವಿರೂಪಣ್ಣ ನನ್ನ ಮುಖ ನೋಡಿದರು, ಹುರಿಗಳನ್ನು ನೋಡಿದರು. ಅವರ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು, ಸಭೆ ಮುರಿದು ಏಳುವ ಮುನ್ನ ಅವರು ಹಾಗೆಯೇ ಮಾಡುವುದು. ಕೂಸಿಗೆ ಸಿಕ್ಕ ಬಿಸಿಲನ್ನು ನನ್ನ ಬಾಯಿಂದ ನಾನೇ ಎರಡನೇ ಸಲ ಕಿತ್ತುಕೊಂಡಿದ್ದೆ.

ಆಗ ಚಂಪವ್ವ ಎದ್ದಳು. ಒಂದು ಮಾತಿಗೆ ಹತ್ತು ಹುಟ್ಟಿಸುವವಳು ಅವತ್ತು ಏನೂ ಹುಟ್ಟಿಸಲಿಲ್ಲ. ಗಂಡಸರ ನಡುವೆಯೇ ಹಾದು ಹೋಗಿ, ಹೊನ್ನಿಯನ್ನು ವಿರೂಪಣ್ಣನ ತೊಡೆಯ ಮೇಲೆ ಇಟ್ಟಳು. "ಹುರಿ ಬಿಡ್ರಿ ಅಪ್ಪಾರ. ಈ ಕಾಲು ಮುಟ್ಟಿ ನೋಡಿ ಹೇಳ್ರಿ, ನಮಗ ನಡುಬಿಸಲು ಸಿಕ್ಕೈತೋ ಇಲ್ಲೋ."

ವಿರೂಪಣ್ಣ ಕೂಸಿನ ಮೊಣಕಾಲನ್ನು ಎರಡು ಬೆರಳಲ್ಲಿ ಹಿಡಿದರು. ಹೊನ್ನಿ ಅವರ ಮೀಸೆಗೆ ಕೈ ಹಾಕಿತು. ಅವರು ಬಿಡಿಸಿಕೊಳ್ಳಲಿಲ್ಲ. "ಮಾತು ಕೊಟ್ಟೀನಿ. ತಗೊಳ್ಳೂದಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಕಂತ ಹಾಕೀನಿ ಅಂದ್ಯಲ್ಲ, ಯಾತಕ್ಕವ್ವಾ?" ಎಂದರು.

"ಹೊಟ್ಟಿಕಿಚ್ಚಿಗೆ" ಅಂದೆ.

ಯಾರೋ ಕಿಸಕ್ಕನೆ ನಕ್ಕರು, ನಗು ಅಲ್ಲೇ ಸತ್ತಿತು. ಅಕ್ಕೋರು ವಹಿ ತೆರೆದಿದ್ದರು, ಪೆನ್ನು ಕೈಯಲ್ಲಿತ್ತು, ಬರೆಯಲಿಲ್ಲ. ಮೊದಲ ಸಲ ನನ್ನನ್ನು ನೋಡಿದರು, ಹುರಿ ಕೊಡುವ ಕೈಯನ್ನಲ್ಲ. ನೋಡಿ ಏನು ಕಂಡರೋ, ತಲೆ ತಗ್ಗಿಸಿದರು. ಬೇಕಾಗಿತ್ತು ಅವರಿಗೆ ಅನ್ನಿಸಿತು. ಪಾಪ ಅಂತಲೂ ಅನ್ನಿಸಿತು, ಸ್ವಲ್ಪ ತಡವಾಗಿ.

ಸಭೆ ಚೆದುರಿತು. ಚಾವಡಿಯಿಂದ ನಮ್ಮ ಓಣಿಗೆ ಇಳಿಜಾರು, ಅರ್ಧ ತಾಸಿನ ದಾರಿ. ಚಂಪವ್ವ ಕೂಸನ್ನು ಬಗಲಿಗೇರಿಸಿಕೊಂಡು ನನ್ನ ಪಕ್ಕದಲ್ಲಿ ನಡೆದಳು. ಬೈಯಲಿ ಅಂತ ಕಾದೆ. ಎರಡನೇ ಓಣಿ ದಾಟಿತು, ಬೈಯಲಿಲ್ಲ. ಮೂರನೆಯದರ ತಿರುವಿನಲ್ಲಿ ನಿಂತಳು.

"ಅಕ್ಕಾ."

"ಏನು."

"ಹೊಟ್ಟಿಕಿಚ್ಚು ಅಂದ್ಯಲ್ಲ. ಯಾರ ಮ್ಯಾಲೆ? ಅಕ್ಕೋರ ಮ್ಯಾಲೋ, ನನ್ನ ಮ್ಯಾಲೋ?"

ಅವಳ ಮುಖ ನೋಡಿದೆ. ಸಿಟ್ಟು ಇತ್ತು, ಅದು ಇಂದು ನಾಳೆ ಹೋಗುವಂಥದಲ್ಲ. ಅದರ ಅಡಿಯಲ್ಲಿ ಇನ್ನೇನೋ ಇತ್ತು. ಮದುವೆಯಾಗಿ ಬಂದ ಹೊಸತರಲ್ಲಿ, ನನ್ನ ಸೆರಗಿನ ಹಿಂದೆ ನಿಂತು, ನೀನು ಹೆಣೆದ ಹಾಗೆ ನನ್ನ ಕೈಯಲ್ಲಿ ಬರುವುದೇ ಇಲ್ಲ ಅಕ್ಕಾ ಅಂದಿದ್ದ ಹುಡುಗಿಯ ಮುಖ. ಅಕ್ಕೋರ ಮೇಲೆಯೇ ಅನ್ನುವುದು ನಿಜ. ಅವರು ಬಾರದಿದ್ದರೆ ಚಂಪವ್ವನ ನಗುವಿಗೆ ನನ್ನ ಜರಡಿ ಮಾತ್ರ ಅಲುಗುತ್ತಿತ್ತು, ನಾನು ಅಲುಗುತ್ತಿರಲಿಲ್ಲ. ಆದರೆ ಆ ಹುಡುಗಿ ಕಾದು ನಿಂತದ್ದು ಬೇರೆ ಉತ್ತರಕ್ಕೆ.

"ನಿನ್ನ ಮ್ಯಾಲೆ" ಅಂದೆ.

"ಖರೇನ?"

"ಹ್ಞೂಂ. ಮೊದಲಿಂದಲೂ."

"ಹಿಡಿ, ನನ್ನ ಕೈ ಸೋತಾವು" ಅಂತ ಕೂಸನ್ನು ನನ್ನ ತೋಳಿಗೆ ಹಾಕಿ, ಸೆರಗು ಬಿಗಿದು ಸಿಕ್ಕಿಸಿಕೊಂಡು, ಆರನೇ ಓಣಿ ಮುಟ್ಟುವವರೆಗೂ ಚಂಪವ್ವ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು.